ಸಹಾಯಧನದ ಆಸ್ಪತ್ರೆ

ನಮ್ಮೂರ ಪೊಲೀಸ್ ಠಾಣೆ ಮೊದಲು ಪ್ಲೈವುಡ್ಡಿನದಾಗಿತ್ತು. ಹೊಡೆದಾಟದ ಸಿನಿಮಾದವರು ಬಂದು ಹಲಗೆ ಬಡಿದು, ಬಣ್ಣ ಬಳಿದು, ಬೋರ್ಡು ತೂಗಿಹಾಕಿ ಶೂಟಿಂಗ್ ಮುಗಿಸಿದರು. ಹೋಗುವಾಗ ಹಲಗೆ ಬಿಚ್ಚಿಕೊಳ್ಳಲು ನೋಡಿದರೆ ಮೊಳೆ ಕೀಳಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಗೋಡೆ ಇಟ್ಟಿಗೆಯದಾಗಿತ್ತು, ಬಾಗಿಲು ತೇಗದ್ದಾಗಿತ್ತು. ಆ ಸಿನಿಮಾದಲ್ಲಿ ನಗೆ ಬರಿಸಲೆಂದು ಒಬ್ಬ ಪೇದೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದ. ಅಂದಿನಿಂದ ಎಂಥ ಚುರುಕಿನ ಪೇದೆ ವರ್ಗವಾಗಿ ಬಂದರೂ ಹೊಸ್ತಿಲು ದಾಟಿ ಕುರ್ಚಿ ಮುಟ್ಟಿದೊಡನೆ ಗೊರಕೆ. ಹೊರಗೆ ಬಂದರೆ ಮತ್ತೆ ಹುಲಿ. ದೂರು ಕೊಡುವುದಿದ್ದರೆ ಅವರು ಚಹಾ ಕುಡಿಯಲು ಹೊರಗೆ ಬರುವವರೆಗೆ ನಾವು ಕಾಯುತ್ತೇವೆ.

ನಟಿಸಿದವರಿಗೆ ಏನೂ ಆಗುವುದಿಲ್ಲ. ಕ್ಯಾಮೆರಾದ ಮುಂದೆ ಸತ್ತ ನಟ ಎದ್ದು ಮೈ ಕೊಡವಿಕೊಂಡು ಊಟಕ್ಕೆ ಹೋಗುತ್ತಾನೆ. ಆದರೆ ಜಾಗ ಬಿಡುವುದಿಲ್ಲ. ಕ್ಯಾಮೆರಾ ಮೊದಲ ಸಲ ಅಲ್ಲಿ ಏನು ಕಂಡಿತೋ ಅದನ್ನು ಇಟ್ಟುಕೊಂಡುಬಿಡುತ್ತದೆ. ಎರಡನೆಯ ಸಲ ತಿದ್ದಿ ತೆಗೆದರೂ ಮೊದಲನೆಯದೇ ಗಟ್ಟಿ. ಕ್ಯಾಮೆರಾ ಕಾಣದ್ದು ಮಾತ್ರ ಇಲ್ಲವೇ ಇಲ್ಲ. ಇದಕ್ಕೆ ನಮ್ಮ ಹೊಳೆಯ ಸೇತುವೆಯೇ ಸಾಕ್ಷಿ. ಹೀರೋ ನಮ್ಮ ದಡದಿಂದ ಸಿನಿಮಾದವರ ಹಲಗೆಯ ಸೇತುವೆಯ ಮೇಲೆ ಓಡಿಬಂದು ನಡುವೆ ನಿಂತು ಹಾಡು ಹೇಳಿದ. ಕ್ಯಾಮೆರಾ ಅವನ ಮುಖ ಬಿಟ್ಟು ಆಚೆಗೆ ಹೊರಳಲಿಲ್ಲ. ಹಾಗಾಗಿ ಸೇತುವೆ ನಡುಹೊಳೆಯವರೆಗೆ ಕಲ್ಲಿನದು, ಅಲ್ಲಿಂದಾಚೆ ಬರೀ ಗಾಳಿ. ಸಂಜೆ ಊರವರು ಅಲ್ಲಿ ಕೂತು ಗಿರಮಿಟ್ಟು ತಿನ್ನುತ್ತಾರೆ, ಊರ ಸಭೆಗಳೂ ಅಲ್ಲೇ. ಆಚೆ ದಡಕ್ಕೆ ಹೋಗಬೇಕಾದವರು ಸೇತುವೆಯ ಕೆಳಗಿಳಿದು ದೋಣಿ ಹತ್ತುತ್ತಾರೆ.

ಸರಕಾರದವರು ಬುದ್ಧಿವಂತರು. ಈ ಸಂಗತಿ ಕಿವಿಗೆ ಬಿದ್ದ ವರ್ಷವೇ ನಮ್ಮೂರಿನಲ್ಲಿ ಕಟ್ಟಡ ಕಟ್ಟುವುದನ್ನು ನಿಲ್ಲಿಸಿದರು. ಆಸ್ಪತ್ರೆಗೆ ತಗಲುವ ಖರ್ಚಿನಲ್ಲಿ ಒಂದು ಚೂರನ್ನು ಸಿನಿಮಾಕ್ಕೆ ಸಹಾಯಧನವೆಂದು ಕೊಟ್ಟರೆ ಕಲೆಯೂ ಬೆಳೆಯಿತು, ಆಸ್ಪತ್ರೆಯೂ ಆಯಿತು ಎಂಬ ಲೆಕ್ಕ ಅವರದು. ಆದರೆ ಸಹಾಯಧನ ಕೈಗೆ ಬರುವುದು ಸಿನಿಮಾ ಮುಗಿದು, ರಾಜಧಾನಿಯಲ್ಲಿ ಸಮಿತಿಯವರು ಕೂತು ನೋಡಿ, ತಲೆದೂಗಿದ ಮೇಲೆ. ಅಲ್ಲಿಯತನಕ ದುಡ್ಡು ಹಾಕುವವರು ಬೇರೆ ಯಾರೋ ಇರಬೇಕು. ಆ ಬೇರೆ ಯಾರೋ ಎಂದರೆ ನಾವು. ಹಿಂದೊಮ್ಮೆ ಹೈಸ್ಕೂಲಿಗೆಂದು ಊರೆಲ್ಲ ಹಾಕಿದ್ದೆವು. ಬಂದವನು ಚೆಂದದ ಶಾಲೆ ಕಟ್ಟಿಸಿದ, ಮಕ್ಕಳಿಂದ ಪ್ರಾರ್ಥನೆ ಹೇಳಿಸಿದ, ಕ್ಯಾಮೆರಾ ಗರಗರ ತಿರುಗಿಸಿದ, ಹೋದ. ಮಳೆಗಾಲದ ಹೊತ್ತಿಗೆ ಹಲಗೆ ಉಬ್ಬಿ ಗೆದ್ದಲು ಹತ್ತಿತು. ಆಗ ತಿಳಿಯಿತು, ಅವನ ಕ್ಯಾಮೆರಾದಲ್ಲಿ ರೀಲೇ ಇರಲಿಲ್ಲ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು ನಮ್ಮದು. ಆ ಊರಿನಲ್ಲಿ ಅನುಮಾನ ಪಡುವ ಕೆಲಸವನ್ನೆಲ್ಲ ನಾನೊಬ್ಬಳೇ ಹೊತ್ತಿದ್ದೇನೆ. ನನ್ನ ಹೆಸರು ಮೋನವ್ವ, ಮನೆತನ ಪತ್ತಾರರದು. ಗಂಡ ತೀರಿಕೊಂಡ ಮೇಲೆ ಅವನ ಕುಲುಮೆಯೂ ಒರೆಗಲ್ಲೂ ನನ್ನ ಪಾಲಿಗೆ ಬಂದವು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಲೋಕ ನಮ್ಮ ಮೇಲೆ ಅನುಮಾನ ಪಟ್ಟುಕೊಂಡು ಬಂದಿದೆ. ನಾನು ಅದನ್ನು ಬಡ್ಡಿಸಮೇತ ಲೋಕಕ್ಕೆ ತಿರುಗಿಸಿದ್ದೇನೆ, ಅಷ್ಟೆ. ಹಾಲಿನವನು ಹಾಲು ಹಾಕಿದರೆ ಬೆರಳದ್ದಿ ನೋಡುತ್ತೇನೆ. ಬೀಗರು ಚೆನ್ನಾಗಿದ್ದೀರಾ ಎಂದರೆ ಯಾಕೆ ಕೇಳಿದರು ಎಂದು ಯೋಚಿಸುತ್ತೇನೆ. ನನ್ನ ಮಗಳು ಕಾಳಿಕಾ ಇದಕ್ಕೆ ತದ್ವಿರುದ್ಧ. ಬೆಳ್ಳಗೆ ಕಂಡದ್ದೆಲ್ಲ ಅವಳಿಗೆ ಹಾಲೇ. ಇಂಥವಳು ನನ್ನ ಹೊಟ್ಟೆಯಲ್ಲಿ ಹೇಗೆ ಹುಟ್ಟಿದಳೋ ಎಂದು ಬೈಯುತ್ತಲೇ ಬೆಳೆಸಿದೆ.

ಕಾಳಿಯ ಮೊದಲ ಕೂಸು ದೋಣಿಯಲ್ಲಿ ಹೋಯಿತು. ಹೆರಿಗೆ ಕಷ್ಟವಾಗಿ, ಸೂಲಗಿತ್ತಿ ಕೈಚೆಲ್ಲಿ, ಆಚೆ ದಡದ ಆಸ್ಪತ್ರೆಗೆಂದು ಹೊರಟಿದ್ದೆವು. ಅರ್ಧ ಸೇತುವೆಯ ನೆರಳು ದಾಟುವಾಗ ಕೂಸು ಹುಟ್ಟಿತು, ಅಳಲಿಲ್ಲ. ನನ್ನ ಮಡಿಲಲ್ಲೇ ತಣ್ಣಗಾಯಿತು. ಹೆಣ್ಣು ಕೂಸು. ಆ ದಿನದಿಂದ ಸೇತುವೆಯ ಮೇಲೆ ಕೂತು ಗಿರಮಿಟ್ಟು ತಿನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಾಳಿ ಮತ್ತೆ ಬಸುರಿಯಾದಳು ಎಂದು ಗೊತ್ತಾದ ತಿಂಗಳಲ್ಲೇ ತ್ಯಾಗರಾಜು ಊರಿಗೆ ಬಂದ.

ತ್ಯಾಗರಾಜು ರಾಜಧಾನಿಯ ನಿರ್ಮಾಪಕ. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಿಳಿ ಚಪ್ಪಲಿ. ತಲೆ ಮಾತ್ರ ಹೊಳೆಯುತ್ತಿತ್ತು. ನಮ್ಮ ಚೇರ್ಮನ್ ಶಾಂತವೀರಪ್ಪ ಅವನನ್ನು ಸೇತುವೆಯ ಮೇಲೆ ಕೂರಿಸಿ ಊರನ್ನು ಕರೆದ.

"ಹೆರಿಗೆ ಆಸ್ಪತ್ರೆ ಕಥೆ ತಂದಾರ್ರಿ," ಎಂದ ಶಾಂತವೀರಪ್ಪ. "ಒಂದು ಸಿನಿಮಾ, ಒಂದು ಆಸ್ಪತ್ರಿ. ನಮ್ಮ ಹೆಣ್ಣುಮಕ್ಕಳು ಇನ್ನ ದೋಣಿ ಹತ್ತೂದು ಬ್ಯಾಡ."

ತ್ಯಾಗರಾಜು ಎದ್ದು ಕೈಮುಗಿದ. "ಅರ್ಧ ದುಡ್ಡು ನಂದು, ಅರ್ಧ ನಿಮ್ದು. ಸಬ್ಸಿಡಿ ಬಂದ್ರೆ ಮೊದ್ಲು ನಿಮ್ದು ವಾಪಸ್, ಆಮೇಲೆ ನಂದು. ಸಿನಿಮಾ ಓಡಿದ್ರೆ ಲಾಭದಲ್ಲೂ ಪಾಲು ಕೊಡ್ತೀನಿ. ಓಡ್ಲಿಲ್ಲ ಅಂದ್ರೂ ಆಸ್ಪತ್ರೆ ಎಲ್ಲೂ ಹೋಗಲ್ಲ, ನಿಮ್ದೇ ಅಲ್ವಾ?"

ಜನ ಚಪ್ಪಾಳೆ ತಟ್ಟಿದರು. ಮಾತು ಬೆಣ್ಣೆಯ ಹಾಗಿತ್ತು. ನನಗೆ ಬೆಣ್ಣೆ ಕಂಡರೆ ಮೊದಲು ನೆನಪಾಗುವುದು ಡಾಲ್ಡಾ.

"ಕ್ಯಾಮೆರಾದಾಗ ರೀಲ್ ಇರ್ತೈತೇನ್ರಿ?" ಎಂದೆ.

"ಇರುತ್ತಮ್ಮಾ."

"ತೆಗದು ತೋರಿಸ್ರಿ ಹಂಗಾರ."

ಅವನು ನಕ್ಕ. "ತೋರಿಸ್ಬೋದು. ಆದ್ರೆ ಡಬ್ಬಿ ತೆಗೆದ್ರೆ ಬೆಳಕು ಬಿದ್ದು ರೀಲು ಸತ್ತೋಗುತ್ತೆ. ಆಮೇಲೆ ನಿಮ್ಗೆ ಆಸ್ಪತ್ರೆನೂ ಇಲ್ಲ, ನನಗೆ ಸಿನಿಮಾನೂ ಇಲ್ಲ."

ನನ್ನ ಜೀವಮಾನದಲ್ಲಿ ಇಂಥ ಸರಕನ್ನು ಕಂಡಿರಲಿಲ್ಲ. ಚಿನ್ನವನ್ನು ಒರೆಗೆ ಹಚ್ಚಿದರೆ ಕೂದಲೆಳೆಯಷ್ಟು ಸವೆಯುತ್ತದೆ, ಅಷ್ಟೆ. ಇದು ಪರೀಕ್ಷೆ ಮಾಡಿದರೆ ಪೂರ್ತಿ ಸಾಯುತ್ತದಂತೆ. ಮೋಸ ಮಾಡುವವನಿಗೆ ಇದಕ್ಕಿಂತ ಅನುಕೂಲದ ಕಸುಬು ಇನ್ನೊಂದಿಲ್ಲ. ಅವನ ಬೆರಳಿನ ಉಂಗುರವನ್ನಾದರೂ ನೋಡೋಣವೆಂದು ಕೇಳಿದೆ. ಅವನು ಎರಡನೆಯ ಮಾತಾಡದೆ ಬಿಚ್ಚಿಕೊಟ್ಟ. ಚೀಲದಲ್ಲಿ ಸದಾ ಇರುವ ಒರೆಗಲ್ಲಿಗೆ ತಿಕ್ಕಿ ತೇಜಾಬಿನ ಹನಿ ಬಿಟ್ಟೆ. ಗೆರೆ ಅಳಿಸಲಿಲ್ಲ, ಬಂಗಾರ ಸಾಚಾ. ಇದರಿಂದ ನನ್ನ ಅನುಮಾನ ಇನ್ನಷ್ಟು ಹೆಚ್ಚಾಯಿತು. ಸಾಚಾ ಬಂಗಾರದ ಉಂಗುರವನ್ನು ಅಪರಿಚಿತಳ ಕೈಗೆ ಇಷ್ಟು ಸಲೀಸಾಗಿ ಕೊಡುವವನಿಗೆ ಬೇರೇನೋ ಹಂಚಿಕೆ ಇರಲೇಬೇಕು.

"ಯವ್ವಾ, ಸಾಕು ಬಿಡ," ಎಂದಳು ಪಕ್ಕದಲ್ಲಿದ್ದ ಕಾಳಿ. "ಮನಶ್ಯಾನ ಮಾರಿ ನೋಡಿದ್ರ ತಿಳೀತೈತಿ. ಚಲೋ ಅದಾರ."

"ಮಾರಿ ನೋಡಿ ತಿಳಿಯೂ ಹಂಗಿದ್ರ ಒರೆಗಲ್ಲ ಯಾಕ ಬೇಕಿತ್ತ?"

ಅವಳು ಸೆರಗಿನೊಳಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೆಳಗೆ ಹೊಳೆಯಲ್ಲಿ ಹೋಗುತ್ತಿದ್ದ ದೋಣಿಯನ್ನು ನೋಡುತ್ತಿದ್ದಳು. ನನ್ನ ಎರಡು ಪಾಟಲಿಗಳನ್ನು ಕೈಯಿಂದ ಬಿಡಿಸಿ ಶಾಂತವೀರಪ್ಪನ ಮುಂದಿಟ್ಟೆ. ನಾನು ಕೊಟ್ಟಿದ್ದನ್ನು ಕಂಡು ಕೊಡದವರೂ ಕೊಟ್ಟರು. ಮೋನವ್ವನೇ ಹಾಕಿದಳೆಂದರೆ ಇನ್ನೇನು ಎಂಬ ಮಾತು ನನಗೆ ಕೇಳಿಸಿತು.

ದುಡ್ಡು ಹಾಕಿದವರಿಗೆಲ್ಲ ಆಸ್ಪತ್ರೆಯಲ್ಲಿ ಒಂದೊಂದು ಬೇಡಿಕೆ ಇಡುವ ಹಕ್ಕು. ಇದು ನಮ್ಮೂರ ಪದ್ಧತಿ. ಡೈರೆಕ್ಟರು ಸುಧನ್ವ, ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ, ಕುರ್ಚಿ ಹಾಕಿಕೊಂಡು ಎಲ್ಲರ ಬೇಡಿಕೆ ಕೇಳಿದ. ಗಿರಣಿ ಹುಸೇನಸಾಬ ಪಾಯಿಖಾನೆ ತೋರಿಸಲೇಬೇಕು ಎಂದು ಪಟ್ಟು ಹಿಡಿದ. "ಕ್ಯಾಮೆರಾ ನೋಡದಿದ್ರ ಅದು ಆಗೂದಿಲ್ರೀ ಸಾಹೇಬ್ರ. ಆಸ್ಪತ್ರಿ ಇದ್ದು ಪಾಯಿಖಾನಿ ಇಲ್ಲಂದ್ರ ಮಂದಿ ಎಲ್ಲಿ ಹೋಗಬೇಕು?" ಮತ್ತೊಬ್ಬರಿಗೆ ನೀರಿನ ಟಾಕಿ ಬೇಕು, ಇನ್ನೊಬ್ಬರಿಗೆ ಕೂತುಕೊಳ್ಳಲು ಬೆಂಚು. ಕಡೆಗೆ ಸುಧನ್ವ, ನಾಯಕಿಗೆ ಹೆರಿಗೆಯಾಯಿತೆಂಬ ಸುದ್ದಿ ಕೇಳಿದ ಗಂಡ ಹೆಂಡತಿಯನ್ನು ಹುಡುಕುತ್ತ ಪಡಸಾಲೆ, ಅಡುಗೆಮನೆ, ಔಷಧದ ಕೋಣೆ, ಪಾಯಿಖಾನೆ, ಎಲ್ಲ ಕಡೆ ಓಡಿ ಹೋಗುವಂತೆ ಒಂದೇ ಉದ್ದನೆಯ ದೃಶ್ಯ ಬರೆದ. ನನ್ನ ಬೇಡಿಕೆ ಒಂದೇ ಇತ್ತು: ಆ ವಾರ್ಡಿನಲ್ಲಿ ಯಾರೂ ಸಾಯಬಾರದು. "ಖಂಡಿತ ಇಲ್ಲಮ್ಮಾ" ಎಂದು ಅವನು ನಕ್ಕ. ಆ ನಗು ನನಗೆ ಸರಿಬೀಳಲಿಲ್ಲ.

ನಾಯಕಿ ಸ್ವರೂಪಾ ಕಾಲ್ಗೆಜ್ಜೆಯ ತಿರುಪು ಸಡಿಲಾಗಿದೆಯೆಂದು ನನ್ನ ಅಂಗಡಿಗೆ ಬಂದದ್ದು ಆ ವಾರವೇ. ಒಳ್ಳೆಯ ಹುಡುಗಿ, ಬಾಯಿ ಸ್ವಲ್ಪ ಜಾಸ್ತಿ. ನಾನು ತಿರುಪು ಕೂರಿಸುತ್ತಿದ್ದಾಗ ಅವಳು ಕುಲುಮೆಯ ಮುಂದೆ ಕೂತು ಹೇಳಿದಳು: "ಅಮ್ಮಾ, ನಾನು ಸಾಯೋ ಸೀನ್ ತುಂಬ ಚೆನ್ನಾಗಿ ಮಾಡ್ತೀನಿ ಗೊತ್ತಾ? ಅದಕ್ಕೇ ನನ್ನ ತಗೊಂಡಿರೋದು."

ನನ್ನ ಕೈ ನಿಂತಿತು. "ಇದ್ರಾಗ ನೀ ಸಾಯಂಗಿಲ್ಲಲ್ಲವಾ?"

"ಕಥೆ ಹೇಳ್ದಾಗ ಹೆರಿಗೆ ಆಗ್ತಿದ್ದಂಗೇ ಸಾಯ್ತೀನಿ ಅಂತಿತ್ತು. ಸಮಿತಿಯವ್ರಿಗೆ ಸಾವು ಇದ್ರೇ ಇಷ್ಟ ಅಂತೆ. ಅಳು ಬಂದ್ರೆ ಮೇಲಿನ ದರ್ಜೆ ಸಬ್ಸಿಡಿ, ಬರ್ಲಿಲ್ಲ ಅಂದ್ರೆ ಕೆಳಗಿಂದು. ಈಗ ಬದಲಾಯ್ಸಿದ್ದೀವಿ ಅಂತಾರೆ. ಬದಲಾಯ್ಸಿರೋದನ್ನ ನಂಗಿನ್ನೂ ಯಾರೂ ಹೇಳ್ಕೊಟ್ಟಿಲ್ಲ."

ಅವಳು ಹೋದ ಮೇಲೆ ಕುಲುಮೆಯ ಬೆಂಕಿ ಆರಿದ್ದೂ ನನಗೆ ಗೊತ್ತಾಗಲಿಲ್ಲ. ಲೆಕ್ಕ ಎಷ್ಟು ಸರಳವಾಗಿತ್ತು! ನಾಯಕಿ ಸತ್ತರೆ ಸಮಿತಿ ಅಳುತ್ತದೆ, ಸಮಿತಿ ಅತ್ತರೆ ಹೆಚ್ಚು ದುಡ್ಡು. ನಾಯಕಿ ಬದುಕಿದರೆ ನಮ್ಮ ಹೆಣ್ಣುಮಕ್ಕಳು ಬದುಕುತ್ತಾರೆ, ಅವನಿಗೆ ದುಡ್ಡು ಕಡಿಮೆ. ತ್ಯಾಗರಾಜು ಎಂಬ ಹೆಸರಿಟ್ಟುಕೊಂಡ ಮಾತ್ರಕ್ಕೆ ಯಾರು ತ್ಯಾಗ ಮಾಡುತ್ತಾರೆ? ಆ ಮಂಚದ ಮೇಲೆ ಒಬ್ಬಳು ಸತ್ತಂತೆ ಕ್ಯಾಮೆರಾ ಕಂಡರೆ ಮುಗಿಯಿತು, ಆಮೇಲೆ ಅಲ್ಲಿ ಮಲಗಿದ ಯಾವ ಬಾಣಂತಿಯೂ ಏಳುವುದಿಲ್ಲ. ಮೊದಲು ಮಲಗಬೇಕಾದವರ ಸಾಲಿನಲ್ಲಿ ನನ್ನ ಮಗಳಿದ್ದಳು.

ನೇರ ಅವನು ಇಳಿದುಕೊಂಡಿದ್ದ ಮನೆಗೆ ಹೋದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೋ ಎಂದು ಅವನ ಮುಖವನ್ನೇ ನೋಡುತ್ತ ಕೇಳಿದೆ. ಅವನು ಇಡ್ಲಿ ತಿನ್ನುತ್ತಿದ್ದ. ಕೈ ತೊಳೆದುಕೊಂಡು ಬಂದ.

"ನಿಜ ಅಮ್ಮಾ, ಮೊದ್ಲು ಹಾಗೇ ಇತ್ತು. ಸಮಿತಿ ಮೆಚ್ಲಿ ಅಂತ ಬರೆಸಿದ್ದೆ. ನಿಮ್ಮೂರಿನ ವಿಷಯ ಸರಿಯಾಗಿ ತಿಳಿದ ಮೇಲೆ ತೆಗೆಸ್ದೆ. ನನಗೂ ಹೆಣ್ಮಕ್ಕಳಿದಾರೆ."

"ಬಾಯಿ ಮಾತ ಇದು."

"ಸರಿ. ಆ ಸೀನಲ್ಲಿ ಹುಡುಗಿ ತಾಯಿ ಪಾತ್ರ ಇದೆ. ಪೇಟೆಯಿಂದ ಒಬ್ಬರನ್ನ ಕರೆಸ್ಬೇಕು ಅಂತಿದ್ದೆ. ನೀವೇ ಮಾಡಿ. ಮಂಚದ ಪಕ್ಕದಲ್ಲೇ ನಿಂತ್ಕೊಳ್ಳಿ. ಏನಾಗುತ್ತೆ ಅಂತ ನಿಮ್ಮ ಕಣ್ಣಿಂದಾನೇ ನೋಡಿ."

ಇಷ್ಟು ಹೇಳಿದ ಮೇಲೆ ಬೇರೆ ಯಾರಾದರೂ ಸುಮ್ಮನಾಗುತ್ತಿದ್ದರು. ನಾನು ಮನೆಗೆ ಬರುವ ದಾರಿಯಲ್ಲೇ ಯೋಚಿಸಿದೆ: ನನ್ನನ್ನು ಒಳಗೆ ಸೇರಿಸಿಕೊಂಡದ್ದು ನನ್ನ ಬಾಯಿ ಮುಚ್ಚಿಸಲಿಕ್ಕೇ ಇರಬೇಕು. ಮಗಳಿಗೆ ಹೇಳಿದರೆ ಅವಳು ನಕ್ಕುಬಿಟ್ಟಳು. "ಯವ್ವಾ, ನೀ ಸಿನಿಮಾದಾಗ! ಚಂದಾಗಿ ನಗು, ಅಷ್ಟ ಸಾಕು. ನೀ ನಗೂದು ನಾ ನೋಡೇ ಇಲ್ಲ."

ಶೂಟಿಂಗ್ ದಿನ ನಮ್ಮೂರು ಉಸಿರು ಬಿಗಿಹಿಡಿದಿರುತ್ತದೆ. ಜಗಳಗಂಟ ಗಂಡಹೆಂಡಿರೂ ಅಂದು ಜಗಳವಾಡುವುದಿಲ್ಲ. ರಸ್ತೆಯ ಕಡೆಯ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚುತ್ತಾರೆ. ಕಳ್ಳತನದ ದೃಶ್ಯವೊಂದರಲ್ಲಿ ಅಪ್ಪಿತಪ್ಪಿ ಕಂಡ ಒಂದು ಮನೆಗೆ ವರ್ಷವರ್ಷವೂ ಕನ್ನ ಬೀಳುತ್ತದೆ. ಬೆಳಿಗ್ಗೆ ಗಂಡನ ಓಟದ ದೃಶ್ಯ ಮುಗಿಯಿತು. ಪಾಯಿಖಾನೆ ಸರಿಯಾಗಿ ಕಂಡಿತೇ ಎಂದು ಹುಸೇನಸಾಬ ಮೂರು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ. ಆಮೇಲೆ ನನಗೆ ಇಳಕಲ್ ಸೀರೆ ಉಡಿಸಿ ವಾರ್ಡಿಗೆ ಕರೆದೊಯ್ದರು. ಹಲಗೆಯ ಗೋಡೆ, ಅಂಟಿನ ವಾಸನೆ, ತಲೆಯ ಮೇಲೆ ಉರಿಯುವ ದೀಪಗಳು. ನನ್ನ ಕೆಲಸ ಇಷ್ಟೇ: ನರ್ಸ್ ಪಾತ್ರದವಳು ಕೂಸನ್ನು ಕೊಡುತ್ತಾಳೆ, ನಾನು ತೆಗೆದುಕೊಂಡು ನಗಬೇಕು, ಮಂಚದ ಬಳಿ ಹೋಗಿ ಮಗಳ ಹಣೆ ಮುಟ್ಟಬೇಕು, ಅವಳು ಕಣ್ಣು ಬಿಡುತ್ತಾಳೆ. ಕಣ್ಣು ಬಿಡುತ್ತಾಳೆ ಎಂದು ಸುಧನ್ವ ಹೇಳಿದ. ಹೇಳುವುದಕ್ಕೇನು ಖರ್ಚು? ನನಗೆ ಅಭ್ಯಾಸ ಮಾಡಿಸಿದಾಗಲೆಲ್ಲ ಮಂಚ ಖಾಲಿ ಇತ್ತು. ಸ್ವರೂಪಾ ಎಲ್ಲಿ ಎಂದರೆ ಮೇಕಪ್ಪಿನಲ್ಲಿದ್ದಾಳೆ ಎಂದರು.

ಅವಳನ್ನು ಕರೆತಂದು ಮಲಗಿಸಿದಾಗ ನಾನು ಬಗ್ಗಿ ನೋಡಿದೆ. ಮುಖಕ್ಕೆ ಬೂದಿಯಂಥ ಬಣ್ಣ. ತುಟಿ ಒಣಗಿ ನೀಲಿಗಟ್ಟಿತ್ತು. ಬದುಕುವ ಬಾಣಂತಿಗೆ ಇಂಥ ಮೇಕಪ್ಪು ಯಾಕೆ? ದೋಣಿಯಲ್ಲಿ ನನ್ನ ಮಡಿಲಲ್ಲಿದ್ದ ಕೂಸಿನ ತುಟಿಗೂ ಇದೇ ಬಣ್ಣವಿತ್ತು. ಕೂಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಸುಧನ್ವ "ಆಕ್ಷನ್" ಎಂದ, ಕ್ಯಾಮೆರಾ ಗರಗರ ಎಂದಿತು. ಇನ್ನು ಹಿಂದೆ ಸರಿಯುವಂತಿರಲಿಲ್ಲ. ಅದು ಏನು ಕಾಣುತ್ತದೋ ಅದೇ ಖಾಯಂ.

ನರ್ಸು ಕೂಸನ್ನು ಮುಂದೆ ಹಿಡಿದಳು. ಪಕ್ಕದ ಮನೆಯ ರೇಷ್ಮಾ ಶೂಟಿಂಗಿಗೆಂದು ಕೊಟ್ಟಿದ್ದ ಎಳೆಗೂಸು ಅದು. ನಾನು ತೆಗೆದುಕೊಳ್ಳಲಿಲ್ಲ.

"ತಡೀರಿ," ಎಂದೆ. "ನಾ ನೋಡೂತನಕ ಯಾರೂ ಇಲ್ಲಿಂದ ಹೊರಗ ಹೋಗಬಾರದು."

ನರ್ಸು ಕಂಗಾಲಾದಳು. ನಾನು ಮಂಚದ ಬಳಿ ಹೋಗಿ ಸ್ವರೂಪಾಳ ಮೂಗಿನ ಕೆಳಗೆ ಬೆರಳಿಟ್ಟೆ. ಉಸಿರು ಬೆಚ್ಚಗೆ ಬರುತ್ತಿತ್ತು. ನಂಬಲಿಲ್ಲ. ಅಂಗಾಲು ಒತ್ತಿದೆ, ರೆಪ್ಪೆ ಎತ್ತಿ ನೋಡಿದೆ. ಡಾಕ್ಟರ್ ವೇಷದವನ ಕೈಯಿಂದ ಔಷಧದ ಶೀಷೆ ಕಿತ್ತುಕೊಂಡು ಮೂಸಿದೆ. "ಇದೇನ ಕೊಟ್ಟೀರಿ ಈಕಿಗೆ? ನಿಮ್ಮ ಕೈ ತೋರಿಸ್ರಿ. ತೊಳಕೊಂಡೀರೇನು?" ಅವನು ಪಾಪ, ಎರಡೂ ಕೈ ಮುಂದೆ ಚಾಚಿದ. ನರ್ಸಿನ ಕಡೆ ತಿರುಗಿದೆ. "ಈ ಕೂಸು ಈಕೀದ ಅನ್ನಾಕ ಏನ್ ಗುರುತೈತಿ? ಹೇಳು." ಕೂಸು ಕಿಟಾರನೆ ಕಿರುಚಿತು. ಆ ಸದ್ದಿಗೆ ಸ್ವರೂಪಾ ಕಣ್ಣು ಬಿಟ್ಟು, ಹೇಳಿಕೊಟ್ಟಿದ್ದ ಮಾತನ್ನೇ ಹೇಳಿದಳು: "ಅವ್ವಾ, ಕೂಸು ಕೊಡು."

"ತಡಿ," ಎಂದೆ, "ಇನ್ನೂ ನೋಡಾಕತ್ತೀನಿ."

ಆಮೇಲೆ ಎಷ್ಟೋ ಹೊತ್ತಿನ ನಂತರ ಸುಧನ್ವ "ಕಟ್" ಎಂದ. ಅವನ ಕಣ್ಣಲ್ಲಿ ನೀರಿತ್ತು. ತ್ಯಾಗರಾಜು ಮೂಲೆಯಲ್ಲಿ ನಿಂತು ಬೋಳುತಲೆ ಒರೆಸಿಕೊಳ್ಳುತ್ತಿದ್ದ.

"ಅವಳು ನೀವು ಹಣೆ ಮುಟ್ಟಿದ ಕೂಡ್ಲೇ ಕಣ್ಣು ಬಿಡೋಳಿದ್ಲಲ್ಲಮ್ಮಾ," ಎಂದ. ಬೈಯಲಿಲ್ಲ. "ಸಾಯೋದೇನೂ ಇರ್ಲಿಲ್ಲ."

"ಮತ್ತ ಆ ಬಣ್ಣ? ಆ ತುಟಿ?"

"ಹೆತ್ತೋಳ ಮುಖ ಇನ್ನು ಹೆಂಗಿರುತ್ತೆ ಹೇಳಿ."

ನಾನು ಹೆತ್ತಾಗ ನನ್ನ ಮುಖ ಹೇಗಿತ್ತೋ ನಾನು ಕಂಡಿರಲಿಲ್ಲ. ಹೊರಗೆ ಬಂದರೆ ಊರೆಲ್ಲ ನಿಂತಿತ್ತು. ಏನಾಯಿತೆಂದು ಗೊತ್ತಾದ ಮೇಲೆ, ವಾರ್ಡಿಗೆ ಇನ್ನು ನನ್ನ ಅನುಮಾನವೇ ಖಾಯಂ ಎಂದು ಮುಖ ಮುಖ ನೋಡಿಕೊಂಡರು. ಶಾಂತವೀರಪ್ಪ ಮಾತ್ರ, "ಸತ್ತಿಲ್ಲಲ್ಲ, ಅದ ದೊಡ್ಡದು ಬಿಡ್ರಿ" ಎಂದು ನನಗಿಂತ ಹೆಚ್ಚಾಗಿ ತನಗೇ ಸಮಾಧಾನ ಹೇಳಿಕೊಂಡ.

ದುಡ್ಡಿನ ಮಾತನ್ನು ಇಲ್ಲೇ ಮುಗಿಸಿಬಿಡುತ್ತೇನೆ, ಅದು ಬಂದದ್ದು ಬಹಳ ತಡವಾಗಿಯಾದರೂ. ಸಮಿತಿಯವರು ಸಿನಿಮಾ ನೋಡಿ ನನ್ನ ದೃಶ್ಯಕ್ಕೆ ಎದ್ದು ನಿಂತರಂತೆ. ಇಂದಿನ ತಾಯ್ತನದ ಆತಂಕವನ್ನು ಇಷ್ಟು ಆಳವಾಗಿ ತೋರಿಸಿದ ಇನ್ನೊಂದು ಚಿತ್ರವಿಲ್ಲ ಎಂದು ಬರೆದು ಮೇಲಿನ ದರ್ಜೆಯ ಸಹಾಯಧನ ಕೊಟ್ಟರು. ಪಾಯಿಖಾನೆಯ ಓಟವನ್ನೂ ಹೊಗಳಿದ್ದರು. ತ್ಯಾಗರಾಜು ತಾನೇ ಬಂದು ಮನೆಮನೆಗೆ ಹೋಗಿ ಹಾಕಿದ ದುಡ್ಡು, ಅದರ ಮೇಲೆ ಪಾಲು, ಎಲ್ಲ ಕೊಟ್ಟ. ನನ್ನ ಮುಂದೆ ನೋಟಿನ ಕಟ್ಟು ಇಟ್ಟು, "ನಿಧಾನಕ್ಕೆ ನೋಡಿ ಅಮ್ಮಾ, ನಾನು ಕಾಯ್ತೀನಿ" ಎಂದು ಕಟ್ಟೆಯ ಮೇಲೆ ಕೂತ. ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಎಲ್ಲ ಸರಿಯಾಗಿದ್ದವು. ಅವನಿಗೆ ಒಂದು ಲೋಟ ಮಜ್ಜಿಗೆ ಕೊಡಬೇಕೆಂದು ನೆನಪಾಗುವಷ್ಟರಲ್ಲಿ ಅವನು ಹೋಗಿದ್ದ.

ಆಸ್ಪತ್ರೆ ಗಟ್ಟಿಯಾದದ್ದು ಅದಕ್ಕೆ ಬಹಳ ಮುಂಚೆ, ಶೂಟಿಂಗ್ ಮುಗಿದು ತಿಂಗಳೊಳಗೆ. ಹಲಗೆ ಕಲ್ಲಾಯಿತು, ಬಣ್ಣದ ನೀರು ತುಂಬಿದ್ದ ಶೀಷೆಗಳಲ್ಲಿ ಔಷಧ ಬಂತು, ಪಾಯಿಖಾನೆಯಲ್ಲಿ ನೀರು ಬಂತು. ಸರಕಾರ ಡಾಕ್ಟರನ್ನೂ ನರ್ಸುಗಳನ್ನೂ ಕಳಿಸಿತು. ಪಡಸಾಲೆಯಲ್ಲಿ ಯಾರೂ ನಡೆಯುವುದಿಲ್ಲ, ಓಡುತ್ತಾರೆ. ಮುದುಕಿಯರೂ ಓಡುತ್ತಾರೆ. ಅದು ಗಂಡನ ಓಟದ ಪ್ರಭಾವ, ಅದರಿಂದ ಯಾರಿಗೂ ತೊಂದರೆಯಿಲ್ಲ. ವಾರ್ಡಿನ ಕಥೆ ಬೇರೆ. ಡಾಕ್ಟರು ಹೊರಗೆ ಕೇರಂ ಆಡುವಾಗ ನಗುನಗುತ್ತ ಸೋಲುವ ಸಾಧು ಮನುಷ್ಯ. ವಾರ್ಡ್ ಹೊಕ್ಕರೆ ಪ್ರತಿ ಶೀಷೆಯನ್ನೂ ಮೂಸುತ್ತಾನೆ, ನರ್ಸಿನ ಕೈ ನೋಡುತ್ತಾನೆ, ತನ್ನ ಕೈಯನ್ನೂ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾನೆ. ಕೂಸು ಹುಟ್ಟಿದ ಕೂಡಲೇ ಒಬ್ಬ ನರ್ಸು ಕಾಲಿಗೆ ದಾರ ಕಟ್ಟುತ್ತಾಳೆ, ಕಟ್ಟಿದ್ದನ್ನು ಇನ್ನೊಬ್ಬಳು ಬಂದು ಪರೀಕ್ಷಿಸುತ್ತಾಳೆ, ಅವಳನ್ನು ಮತ್ತೊಬ್ಬಳು ಪರೀಕ್ಷಿಸುತ್ತಾಳೆ. ಅಲ್ಲಿ ಈವರೆಗೆ ಒಬ್ಬ ತಾಯಿಯೂ ಸತ್ತಿಲ್ಲ, ಒಂದು ಕೂಸೂ ಸತ್ತಿಲ್ಲ. ಆದರೆ ಅಲ್ಲಿ ಯಾರೂ ನಕ್ಕಿದ್ದನ್ನು ಕಂಡವರಿಲ್ಲ. ಗಂಡ ತಂದ ಗಂಜಿಯನ್ನು ಹೆಂಡತಿ ಮೊದಲು ಅವನಿಗೇ ಕುಡಿಸುತ್ತಾಳೆ. ಊರವರು ನನಗೆ ಎದುರಿಗೆ ಕೈಮುಗಿದು ಬೆನ್ನ ಹಿಂದೆ ಶಾಪ ಹಾಕುತ್ತಾರೆ.

ಕಾಳಿಗೆ ನೋವು ಶುರುವಾದದ್ದು ಒಂದು ಮಧ್ಯಾಹ್ನ. ದೋಣಿ ಹತ್ತಲಿಲ್ಲ. ನಾನೂ ಅವಳೂ ಪಡಸಾಲೆಯಲ್ಲಿ ಓಡಿದೆವು, ಆ ನೋವಿನಲ್ಲೂ ಅವಳು ನಗುತ್ತಿದ್ದಳು. "ಯವ್ವಾ, ನಿನಗಿಂತ ಮುಂದ ಅದೀನಿ ನೋಡ" ಎಂದಳು. ವಾರ್ಡಿನ ಬಾಗಿಲು ದಾಟಿದ್ದೇ ಅವಳ ನಗು ನಿಂತಿತು. ಹೆರಿಗೆ ಈ ಸಲವೂ ಕಷ್ಟವಾಯಿತು. ಡಾಕ್ಟರು ಎಲ್ಲವನ್ನೂ ಎರಡೆರಡು ಸಲ ನೋಡಿದ, ನೋಡಿದ್ದಕ್ಕೇ ಕೂಸಿನ ಕೊರಳಿಗೆ ಸುತ್ತಿಕೊಂಡಿದ್ದ ಹೊಕ್ಕಳುಬಳ್ಳಿ ಕಣ್ಣಿಗೆ ಬಿತ್ತು. ಬಿಡಿಸಿ ತೆಗೆದ. ಕೂಸು ಅತ್ತಿತು. ಹೆಣ್ಣು. ನರ್ಸು ಅದನ್ನು ಒರೆಸುವಾಗ ಬಲಗಿವಿಯ ಹಿಂದೆ ಎಳ್ಳಿನಷ್ಟು ಮಚ್ಚೆಯನ್ನು ನಾನು ನೋಡಿಕೊಂಡೆ. ಅಳುತ್ತಿರುವ ಕೂಸು! ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು, ನಾಚಿಕೆಯೂ ಆಗಲಿಲ್ಲ. ಎರಡು ಕೈಯಲ್ಲಿ ಎತ್ತಿಕೊಂಡು ಮಗಳ ಬಳಿಗೆ ಒಯ್ದೆ.

ಕಾಳಿ ಕೂಸನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಹಾಗೆ ಅವಳು ಹುಟ್ಟಿದಾಗಿನಿಂದ ಯಾರನ್ನೂ ನೋಡಿದವಳಲ್ಲ.

"ಇದು ನಂದ ಹೌದೇನು?" ಎಂದಳು.

"ನಿಂದ ಯವ್ವಾ. ನನ್ನ ಕಣ್ಣ ಮುಂದ ಹುಟ್ಟೈತಿ."

"ನಿನ್ನ ಕಣ್ಣ ಮುಂದ," ಎಂದಳು. "ಮೊದಲನೇ ಕೂಸೂ ನಿನ್ನ ಮಡಿಲಾಗ ಇತ್ತಲ್ಲ. ಅದು ಅತ್ತಿಲ್ಲ ಅಂತ ನೀನ ಹೇಳಿದಿ. ನಾ ನೋಡ್ಲಿಲ್ಲ."

ನನ್ನ ಕೈಯಿಂದ ಕೂಸನ್ನು ಕಿತ್ತುಕೊಂಡು ಗೋಡೆಯ ಕಡೆ ಹೊರಳಿ ಮಲಗಿದಳು. ಇದು ವಾರ್ಡಿನ ಮಾತು, ಮಗಳ ಮಾತಲ್ಲ ಎಂದು ನನಗೆ ಗೊತ್ತಿತ್ತು. ನಾನೇ ಆ ಜಾಗಕ್ಕೆ ಕಲಿಸಿದ ಮಾತು. ಗೊತ್ತಿದ್ದೂ ಆ ಮಾತು ಎದೆಯೊಳಗೆ ಮುರಿದ ಮುಳ್ಳಿನ ಹಾಗೆ ಕೂತುಬಿಟ್ಟಿತು. ಅವಳು ಅಲ್ಲಿದ್ದಷ್ಟು ದಿನ ನನಗೆ ಕೂಸನ್ನು ಮುಟ್ಟಲು ಬಿಡಲಿಲ್ಲ. ನಾನು ತಂದ ಅಳ್ಳಿಟ್ಟಿನ ಉಂಡೆಯನ್ನು ನನಗೇ ತಿನ್ನಿಸಿದಳು. ನಾನು ತಿಂದೆ. ಆಮೇಲೆ ಹೊರಗಿನ ಮೆಟ್ಟಿಲಿನ ಮೇಲೆ ಹೋಗಿ ಕೂತೆ, ದಿನವೂ ಅಲ್ಲೇ ಕೂತೆ. ಬಂದುಹೋಗುವವರು ಒಳಗೆ ಬನ್ನಿ ಎಂದರೆ ಒಲ್ಲೆ ಎಂದೆ.

ಕಡೆಗೆ ಮನೆಗೆ ಕಳಿಸುವ ದಿನ ಬಂತು. ಬೆಳಗಿನ ಬಿಸಿಲು ಮೆಟ್ಟಿಲ ಮೇಲೆ ಬಿದ್ದಿತ್ತು. ಕಾಳಿ ಕೂಸನ್ನು ಎದೆಗವಚಿಕೊಂಡು ಪಡಸಾಲೆಯಲ್ಲಿ ಓಡಿಬರುವುದು ನನಗೆ ಕಾಣಿಸಿತು. ಹೊಸ್ತಿಲು ದಾಟಿದ್ದೇ ಅವಳ ಕಾಲು ನಿಧಾನವಾಯಿತು, ಹುಬ್ಬಿನ ಗಂಟು ಬಿಚ್ಚಿತು. ಮುಂಚಿನ ಕಾಳಿಯಾದಳು. ನನ್ನನ್ನು ಕಂಡು ಅವಳ ಕಣ್ಣು ತುಂಬಿತು.

"ಯವ್ವಾ, ಒಳಗ ನಾ ಏನೇನೋ ಅಂದೆ. ಮನಸಿನ್ಯಾಗ ಇಟಗೋಬ್ಯಾಡ."

"ನೀ ಅಂದದ್ದಲ್ಲ ಬಿಡ ಅದು."

"ತಗೋ," ಎಂದು ಕೂಸನ್ನು ನನ್ನ ಕೈಯಲ್ಲಿಟ್ಟಳು. "ನಿನ್ನ ಮೊಮ್ಮಗಳು. ಕಣ್ತುಂಬ ನೋಡು."

ಎಷ್ಟು ಹಗುರ, ಎಷ್ಟು ಬಿಸಿ! ನಿದ್ದೆಯಲ್ಲಿ ಬಾಯಿ ಚಪ್ಪರಿಸುತ್ತಿತ್ತು. ನಾವು ನಿಂತದ್ದು ಮೆಟ್ಟಿಲ ಕೆಳಗಿನ ಬಯಲಿನಲ್ಲಿ, ಬಿಸಿಲಿನಲ್ಲಿ. ಅಲ್ಲಿ ಯಾವ ಕ್ಯಾಮೆರಾವೂ ಎಂದೂ ಏನನ್ನೂ ಕಂಡಿರಲಿಲ್ಲ. ನಾನು ಮುದ್ದು ಕೊಡಬೇಕೆಂದೇ ಬಗ್ಗಿದೆ. ಆದರೆ ನನ್ನ ಬೆರಳು ನನ್ನನ್ನು ಕೇಳದೆ ಕುಲಾವಿಯ ಅಂಚು ಸರಿಸಿತು, ಮಚ್ಚೆ ಹುಡುಕುತ್ತ ಬಲಗಿವಿಯನ್ನು ಮೆಲ್ಲಗೆ ಮಡಿಚಿತು.

ತಲೆಯೆತ್ತಿದರೆ ಕಾಳಿ ನೋಡುತ್ತಿದ್ದಳು.

"ಐತೇನವಾ?" ಎಂದಳು.

"ಐತಿ," ಎಂದೆ.

ಅವಳು ಸೆರಗು ತಲೆಯ ಮೇಲೆಳೆದುಕೊಂಡು ಮನೆಯ ಕಡೆ ನಡೆಯತೊಡಗಿದಳು. ಕೂಸು ನನ್ನ ಕೈಯಲ್ಲೇ ಇತ್ತು. ಮನೆ ಮುಟ್ಟುವವರೆಗೆ ಅವಳು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.